ಹನ್ನೊಂದು ಸೆಕೆಂಡಿನ ಎಡವಟ್ಟು

ಅಮೆರಿಕನ್ ಫುಟ್‌ಬಾಲ್ ಪಂದ್ಯ ಎಷ್ಟು ಹೊತ್ತಿನದು ಅಂತ ಯಾರಾದರೂ ಕೇಳಿದರೆ 60 ನಿಮಿಷ ಅನ್ನಬೇಕು. ತಲಾ 15 ನಿಮಿಷದ ನಾಲ್ಕು ಕ್ವಾರ್ಟರ್. ಆದರೆ ಟಿವಿ ಮುಂದೆ ಕೂತವರು ಏಳುವುದು ಮೂರು ಗಂಟೆಯ ಮೇಲೆಯೇ. 2010ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯವರು ಪಂದ್ಯಗಳನ್ನು ಅಳೆದು ನೋಡಿ, ವೃತ್ತಿಪರ ಲೀಗಾದ ಎನ್‌ಎಫ್‌ಎಲ್‌ನಲ್ಲಿ ಚೆಂಡು ನಿಜವಾಗಿ ಆಟದಲ್ಲಿರುವುದು ಸುಮಾರು 11 ನಿಮಿಷ ಮಾತ್ರ ಅಂತ ಬರೆದರು. ಇದನ್ನು ಹೆಂಡತಿಗೆ ಹೇಳಿದೆ.

"ಉಳಿದ ಹೊತ್ತೆಲ್ಲ ಏನ್ ಮಾಡ್ತಾರ್ರೀ?"

"ನಿಲ್ತಾರೆ, ಗುಂಪು ಸೇರಿ ಪಿಸುಗುಡ್ತಾರೆ, ಗಡಿಯಾರ ನೋಡ್ತಾರೆ."

"ಗಡಿಯಾರ ನೋಡೋದಕ್ಕಾ ಅಷ್ಟೊಂದು ಸಂಬಳ?"

ಹೌದು, ಅದಕ್ಕೇ. ಕ್ವಾರ್ಟರ್‌ಬ್ಯಾಕ್ ಅನ್ನುವ ಆಸಾಮಿ ಚೆಂಡನ್ನು ಐವತ್ತು ಗಜ ಎಸೆಯುತ್ತಾನೆ ನಿಜ. ಆದರೆ ಪಂದ್ಯದ ಕೊನೆಯ ಎರಡು ನಿಮಿಷದಲ್ಲಿ ಅವನ ತೋಳಿಗಿಂತ ಅವನ ಲೆಕ್ಕ ಮುಖ್ಯ. ಬೆಂಗಳೂರಿನ ಆಟೋ ಮೀಟರ್ ನೆನಪಿಸಿಕೊಳ್ಳಿ. ಚೆಂಡು ಹಿಡಿದು ಓಡುವವನನ್ನು ಮೈದಾನದೊಳಗೇ ಕೆಡವಿದರೆ ಗಾಡಿ ಸಿಗ್ನಲ್‌ನಲ್ಲಿ ನಿಂತ ಹಾಗೆ. ಗಾಡಿ ನಿಂತರೂ ಮೀಟರ್ ಓಡುತ್ತಲೇ ಇರುತ್ತದೆ. ಅವನು ಬದಿಗೆರೆ ದಾಟಿ ಆಚೆ ಹೋದರೆ, ಇಲ್ಲವೇ ಎಸೆದ ಚೆಂಡು ಯಾರ ಕೈಗೂ ಸಿಗದೆ ನೆಲಕ್ಕೆ ಬಿದ್ದರೆ, ಮೀಟರ್ ಬಂದ್. ಹಾಗಾಗಿ ಮುಂದಿರುವ ತಂಡದ ಕ್ವಾರ್ಟರ್‌ಬ್ಯಾಕ್‌ಗೆ ಮೀಟರ್ ಓಡಬೇಕು, ಹಿಂದಿರುವವನಿಗೆ ನಿಲ್ಲಬೇಕು. ಮುಂದಿರುವವನು ಚೆಂಡು ಎಸೆಯುವ ಗೋಜಿಗೇ ಹೋಗುವುದಿಲ್ಲ. ಒಂದು ಆಟ ಮುಗಿದ ಮೇಲೆ ಮುಂದಿನದನ್ನು ಶುರುಮಾಡಲು ಸಿಗುವ 40 ಸೆಕೆಂಡನ್ನು ಕೊನೆಯ ಹನಿಯವರೆಗೂ ಹಿಂಡುತ್ತಾನೆ. ಅದಕ್ಕೂ ಮೀರಿದರೆ 5 ಗಜ ದಂಡ. ಪ್ರೊ ಕಬಡ್ಡಿ ನೋಡುವವರಿಗೆ ಈ ಕಳ್ಳಾಟ ಹೊಸದೇನಲ್ಲ. ಅಂಕದಲ್ಲಿ ಮುಂದಿರುವ ತಂಡದ ರೈಡರ್ ಮಧ್ಯಗೆರೆಯ ಆಚೆ ನಾಲ್ಕು ಹೆಜ್ಜೆ ಕುಣಿದು, ತನ್ನ 30 ಸೆಕೆಂಡ್ ಕಳೆದು, ಯಾರನ್ನೂ ಮುಟ್ಟದೆ ವಾಪಸ್ ಬರುವುದನ್ನು ನೋಡಿಯೇ ಇರುತ್ತೀರಿ.

ಹಿಂದಿರುವವನ ಬತ್ತಳಿಕೆಯಲ್ಲಿ ಅರ್ಧಕ್ಕೆ ಮೂರು ಟೈಮ್‌ಔಟ್ ಇರುತ್ತವೆ. ಅವೂ ಮುಗಿದರೆ ಸ್ಪೈಕ್. ಅಂದರೆ ಕೈಗೆ ಬಂದ ಚೆಂಡನ್ನು ಆ ಕ್ಷಣವೇ ಕಾಲ ಬುಡಕ್ಕೆ ಅಪ್ಪಳಿಸುವುದು. ನಿಯಮದ ಕಣ್ಣಿಗೆ ಅದೂ ಯಾರೂ ಹಿಡಿಯದ ಒಂದು ಎಸೆತವೇ, ಆದ್ದರಿಂದ ಗಡಿಯಾರ ನಿಲ್ಲುತ್ತದೆ. ಆದರೆ ಪುಕ್ಕಟೆಯಲ್ಲ. 10 ಗಜ ಮುಂದೆ ಹೋಗಲು ಸಿಗುವುದು ನಾಲ್ಕೇ ಅವಕಾಶ, ಅದಕ್ಕೆ ಡೌನ್ ಅನ್ನುತ್ತಾರೆ. ಸ್ಪೈಕ್ ಮಾಡಿದರೆ ಅದರಲ್ಲೊಂದು ಖಾಲಿ. ನಾಲ್ಕನೆಯದರಲ್ಲಿ ಮಾಡಿದರೆ ಚೆಂಡೇ ಎದುರಾಳಿ ಪಾಲು. ಈ ಕೊನೆಯ ವಾಕ್ಯ ದಯವಿಟ್ಟು ಜ್ಞಾಪಕದಲ್ಲಿರಲಿ.

ಇಷ್ಟೆಲ್ಲ ವಿದ್ಯೆ ನನಗೆ ಹತ್ತಿದ್ದು ಮಗನ ದೆಸೆಯಿಂದ. ನಾವಿರುವುದು ನ್ಯೂ ಜೆರ್ಸಿಯಲ್ಲಿ. ಮಗನಿಗೆ ಹನ್ನೆರಡು ವರ್ಷ, ಅನ್ನ ತುಪ್ಪದ ಮೈ. ಅವನ ಅಜ್ಜಿ ಎರಡು ಬೇಸಿಗೆ ಬಂದು ಉಣಿಸಿ ಹೋದದ್ದನ್ನು ಊರಿನ ಮಕ್ಕಳ ಲೀಗ್‌ನ ಕೋಚ್ ಒಂದೇ ನೋಟದಲ್ಲಿ ಗುರುತಿಸಿ, ಅವನನ್ನು ಗಾರ್ಡ್ ಜಾಗದಲ್ಲಿ ನಿಲ್ಲಿಸಿದರು. ಗಾರ್ಡ್‌ನ ಕೆಲಸ ಚೆಂಡು ಮುಟ್ಟುವುದಲ್ಲ, ಕ್ವಾರ್ಟರ್‌ಬ್ಯಾಕ್ ಮುಂದೆ ಗೋಡೆಯಾಗಿ ನಿಲ್ಲುವುದು. ಮಗ ಗೋಡೆಯಾಗಿ ಚೆನ್ನಾಗಿಯೇ ನಿಂತ.

ಇಲ್ಲಿ ಮಕ್ಕಳು ಆಡಿದರೆ ಅಪ್ಪ ಅಮ್ಮಂದಿರು ದುಡಿಯಬೇಕು. ಸೀಸನ್ ಶುರುವಾದಾಗ ಕೆಲಸಗಳ ಪಟ್ಟಿ ಬಂತು. ತಿಂಡಿ ಕಟ್ಟೆಯ ಜಾಗಗಳು ನಾನು ಕಣ್ಣು ಬಿಡುವಷ್ಟರಲ್ಲಿ ಭರ್ತಿ. ಬದಿಗೆರೆಯಲ್ಲಿ 10 ಗಜದ ಸರಪಳಿ ಹಿಡಿಯುವ ಕೆಲಸವೊಂದು ಇತ್ತು, ಅದಕ್ಕೆ ಓಡಬೇಕು. ಉಳಿದದ್ದು ಒಂದೇ: ಗಡಿಯಾರ. ಗ್ಯಾಲರಿಯ ಮೇಲಿನ ಮರದ ಗೂಡಿನಲ್ಲಿ ಕೂರುವುದು. ತಲೆ ಮೇಲೆ ಸೂರು, ಕೆಳಗೆ ಕುರ್ಚಿ, ಬಿಟ್ಟಿ ಹಾಟ್ ಚಾಕಲೇಟು. ನಾನು ಆ ಕೆಲಸ ಆರಿಸಿದ್ದು ಕುರ್ಚಿ ನೋಡಿ. ಅವರು ನನ್ನನ್ನು ಒಪ್ಪಿದ್ದು ಇಂಡಿಯಾದವನು, ಲೆಕ್ಕದಲ್ಲಿ ಗಟ್ಟಿ ಇರುತ್ತಾನೆ ಅಂತ. ಎರಡು ಕಡೆಯಿಂದಲೂ ವಿಚಾರಣೆ ಅಷ್ಟಕ್ಕೇ ನಿಂತಿತು.

ನಾನೇನು ಬೇಜವಾಬ್ದಾರಿ ಮನುಷ್ಯನಲ್ಲ. ಓದಿಕೊಂಡೆ. ಭಾನುವಾರದ ಪಂದ್ಯಗಳನ್ನು ಪೆನ್ನು ಕಾಗದ ಹಿಡಿದು ನೋಡಿದೆ. ಹಳೆಯ ಅನಾಹುತಗಳನ್ನು ಹುಡುಕಿ ಹುಡುಕಿ ನೋಡಿದೆ. 2022ರ ಜನವರಿಯಲ್ಲಿ ಡಲ್ಲಾಸ್ ತಂಡ ಸ್ಯಾನ್ ಫ್ರಾನ್ಸಿಸ್ಕೋ ಎದುರು 17–23ರಿಂದ ಹಿಂದಿದೆ, 14 ಸೆಕೆಂಡ್ ಬಾಕಿ, ಟೈಮ್‌ಔಟ್ ಒಂದೂ ಇಲ್ಲ. ಕ್ವಾರ್ಟರ್‌ಬ್ಯಾಕ್ ಡ್ಯಾಕ್ ಪ್ರೆಸ್ಕಾಟ್ ಮೈದಾನದ ನಡುವೆ 17 ಗಜ ಓಡಿ ಜಾರಿ ಬಿದ್ದ. ಎದ್ದವನೇ ಸ್ಪೈಕ್ ಮಾಡುವ ಆತುರದಲ್ಲಿ ಚೆಂಡನ್ನು ತನ್ನ ಕಡೆಯವನಿಗೇ ಕೊಟ್ಟ. ಆದರೆ ಮುಂದಿನ ಆಟಕ್ಕೆ ಮುಂಚೆ ಚೆಂಡನ್ನು ಅಂಪೈರ್ ಇಡಬೇಕು! ಆತ ಹಿಂದಿನಿಂದ ಓಡೋಡಿ ಬಂದು, ಪ್ರೆಸ್ಕಾಟ್‌ಗೇ ಡಿಕ್ಕಿ ಹೊಡೆದುಕೊಂಡು ಚೆಂಡು ಮುಟ್ಟಿ ಇಡುವಷ್ಟರಲ್ಲಿ ಗಡಿಯಾರ ಸೊನ್ನೆ. ನಾನು ಸೋಫಾದ ಮೇಲಿಂದ "ಅಯ್ಯೋ ದಡ್ಡ, ಅಂಪೈರ್ ಕೈಗೆ ಕೊಡೋ" ಅಂದೆ. 2024ರ ನವೆಂಬರ್ 28, ಥ್ಯಾಂಕ್ಸ್‌ಗಿವಿಂಗ್ ದಿನ, ಶಿಕಾಗೋ ತಂಡ ಡೆಟ್ರಾಯಿಟ್‌ನಲ್ಲಿ ಮೂರೇ ಅಂಕ ಹಿಂದಿತ್ತು. ಒಂದು ಟೈಮ್‌ಔಟನ್ನು ಜೇಬಲ್ಲೇ ಇಟ್ಟುಕೊಂಡು, ಅರ್ಧ ನಿಮಿಷ ಗೊಂದಲದಲ್ಲೇ ಕಳೆದು ಸೋತಿತು. ಮರುದಿನ ಕೋಚ್ ಕೆಲಸ ಹೋಯಿತು. "ಒಂದು ಗುಂಡಿ ಒತ್ತೋಕೆ ಬರ್ಲಿಲ್ವಲ್ಲ ಇವಕ್ಕೆ" ಅಂತ ಅದಕ್ಕೂ ಷರಾ ಬರೆದೆ. ಗುಂಡಿ ಒತ್ತುವುದರ ಬಗ್ಗೆ ನನಗೆ ಆಗ ಅಷ್ಟೊಂದು ಧೈರ್ಯವಿತ್ತು.

ಶನಿವಾರ ಬೆಳಿಗ್ಗೆ ಗೂಡು ಹತ್ತಿದೆ. ಅಲ್ಲಿ ಮೈಕ್ ಮುಂದೆ ಒಬ್ಬ ಅಜ್ಜ ಕೂತಿದ್ದರು. ಅವರ ಮೊಮ್ಮಕ್ಕಳೂ ಆಡಿ ಮುಗಿಸಿದ್ದರೂ ಅವರು ಮೈಕ್ ಬಿಟ್ಟಿರಲಿಲ್ಲ. ನನ್ನ ಮುಂದೆ ಹಳೆಯ ಕ್ಯಾಲ್ಕುಲೇಟರ್ ಅಗಲವಾಗಿ ಊದಿಕೊಂಡಂಥ ಒಂದು ಡಬ್ಬ. ಎಡಕ್ಕೆ ಗಡಿಯಾರ ಓಡಿಸುವ, ನಿಲ್ಲಿಸುವ ಸ್ವಿಚ್ಚು, ನಡುವೆ ಅಂಕಿಗಳು, ಬಲಕ್ಕೆ ಸ್ಕೋರು ಮತ್ತು ಡೌನು, ಮೂಲೆಯಲ್ಲಿ ಕೆಂಪು ಹಾರ್ನ್ ಗುಂಡಿ. ಹಾರ್ನ್ ಮೇಲೆ ಯಾರೋ ಅಂಟುಪಟ್ಟಿ ಹಾಕಿ, ‘ಮುಟ್ಟಬೇಡಿ’ ಅಂತ ಬರೆದಿದ್ದರು. ನನಗಿಂತ ಮುಂಚೆಯೂ ಯಾರೋ ಸಮಾನಧರ್ಮರು ಇಲ್ಲಿ ಕೂತಿದ್ದರು ಅಂತ ಧೈರ್ಯ ಬಂತು. ರೆಫ್ರಿ ಎರಡೂ ಕೈ ತಲೆ ಮೇಲೆ ಕತ್ತರಿಯಾಡಿಸಿದರೆ ನಿಲ್ಲಿಸು. ಒಂದು ಕೈಯನ್ನು ಗಿರ್ರನೆ ಸುತ್ತಿಸಿದರೆ ಓಡಿಸು. ಇಷ್ಟೇ ಕೆಲಸ.

ಮೊದಲ ಕ್ವಾರ್ಟರ್ ಮುಗಿಯುವಷ್ಟರಲ್ಲಿ ಎರಡೂ ತಂಡದ ಕೋಚ್‌ಗಳು ಚೆಂಡು ಬಿಟ್ಟು ಗೂಡಿನ ಕಡೆ ನೋಡಲು ಶುರುಮಾಡಿದ್ದರು. ವಿಷಯ ಏನೆಂದರೆ, ನಾನು ಓದಿದ್ದು ಎನ್‌ಎಫ್‌ಎಲ್ ನಿಯಮ. ನಮ್ಮ ಮಕ್ಕಳ ಲೀಗ್ ಆಡುವುದು ಹೈಸ್ಕೂಲ್ ನಿಯಮದಲ್ಲಿ. ಆಟ ಒಂದೇ, ಗಡಿಯಾರದ ಶಾಸ್ತ್ರ ಮಾತ್ರ ಮೂರು. ಓಟಗಾರ ಬದಿಗೆರೆ ದಾಟಿದ ಅಂತಿಟ್ಟುಕೊಳ್ಳಿ. ಹೈಸ್ಕೂಲಿನಲ್ಲಿ ಮುಂದಿನ ಸಲ ಚೆಂಡು ಕದಲುವವರೆಗೂ ಗಡಿಯಾರ ನಿಂತಿರಬೇಕು. ಎನ್‌ಎಫ್‌ಎಲ್‌ನಲ್ಲಿ ಆ ವೈಭೋಗ ಮೊದಲರ್ಧದ ಕೊನೆಯ 2 ನಿಮಿಷಕ್ಕೆ, ಎರಡನೆಯರ್ಧದ ಕೊನೆಯ 5 ನಿಮಿಷಕ್ಕೆ ಮಾತ್ರ; ಉಳಿದಂತೆ ಚೆಂಡು ಇಟ್ಟು ರೆಫ್ರಿ ಕೈ ತಿರುಗಿಸಿದೊಡನೆ ಮತ್ತೆ ಓಟ. 10 ಗಜ ದಾಟಿ ಹೊಸ ಫಸ್ಟ್ ಡೌನ್ ಸಿಕ್ಕಿದಾಗ ಹೈಸ್ಕೂಲಿನವರು ಸರಪಳಿ ಸರಿಯುವವರೆಗೆ ಗಡಿಯಾರ ನಿಲ್ಲಿಸುತ್ತಾರೆ. ಎನ್‌ಎಫ್‌ಎಲ್‌ನವರು ನಿಲ್ಲಿಸುವುದೇ ಇಲ್ಲ. ಕಾಲೇಜಿನವರು ಮೊದಲು ಯಾವಾಗಲೂ ನಿಲ್ಲಿಸುತ್ತಿದ್ದರು, 2023ರಿಂದ ಅರ್ಧದ ಕೊನೆಯ 2 ನಿಮಿಷಕ್ಕೆ ಮಾತ್ರ. ಸ್ಪೈಕ್‌ಗೂ ಅವರದೊಂದು ಕಟ್ಟಳೆ: ಅದಾದ ಮೇಲೆ ಇನ್ನೊಂದು ಆಟ ಬೇಕಾದರೆ ಗಡಿಯಾರದಲ್ಲಿ ಕನಿಷ್ಠ 3 ಸೆಕೆಂಡ್ ಉಳಿದಿರಬೇಕು. ನಮ್ಮ ಕಡೆ ಸ್ಮಾರ್ತರಿಗೊಂದು ಏಕಾದಶಿ, ವೈಷ್ಣವರಿಗೊಂದು ಏಕಾದಶಿ ಬರುವುದನ್ನು ನೋಡಿ ಬೆಳೆದವನು ನಾನು; ಇಂಥದ್ದು ಇರಬಹುದೆಂದು ಊಹಿಸಬೇಕಿತ್ತು. ಊಹಿಸದೆ, ನಿಲ್ಲಬೇಕಾದಲ್ಲೆಲ್ಲ ಓಡಿಸಿದೆ. ನಮ್ಮ ಕ್ವಾರ್ಟರ್‌ಗೆ 10 ನಿಮಿಷ. ಅಷ್ಟು ಚುರುಕಾದ 10 ನಿಮಿಷ ಆ ಮೈದಾನ ಕಂಡಿರಲಿಕ್ಕಿಲ್ಲ.

ಎರಡನೇ ಕ್ವಾರ್ಟರ್‌ನಲ್ಲಿ ಜಾಗ್ರತೆ ವಹಿಸಿದೆ. ಬೋರ್ಡ್‌ನಲ್ಲಿ 2:00 ಬಂತು. ಟಿವಿಯಲ್ಲಿ ನೋಡಿ ನೋಡಿ ಈ ಅಂಕಿ ನನಗೆ ಬಾಯಿಪಾಠ: ಟೂ ಮಿನಿಟ್ ವಾರ್ನಿಂಗ್! ಪ್ರತಿ ಅರ್ಧದ ಕೊನೆಗೆ ಎರಡು ನಿಮಿಷ ಇರುವಾಗ ಆಟ ನಿಲ್ಲುತ್ತದೆ, ಎಲ್ಲರೂ ನೀರು ಕುಡಿಯುತ್ತಾರೆ. ಸ್ವಿಚ್ಚು ಟಕ್ಕನೆ ಬಂದ್ ಮಾಡಿ, ಅಜ್ಜನಿಗೂ ಒಂದು ತರಲೇ ಅಂತ ಸನ್ನೆ ಮಾಡಿ, ಹಾಟ್ ಚಾಕಲೇಟಿಗೆ ಇಳಿದೆ.

ಎರಡು ಲೋಟ ಹಿಡಿದು ಮೆಟ್ಟಿಲು ಹತ್ತಿ ಬರುವಾಗ ಕಂಡದ್ದು: ಕೆಳಗೆ ಇಪ್ಪತ್ತೆರಡು ಹುಡುಗರು ಮಣ್ಣಲ್ಲಿ ಹೊರಳಾಡುತ್ತಿದ್ದಾರೆ, ಮೇಲೆ ಬೋರ್ಡ್‌ನಲ್ಲಿ 2:00 ಹಾಗೇ ನಿಂತಿದೆ. ಆಟ ನಿಂತಿರಲೇ ಇಲ್ಲ. ನಿಂತಿದ್ದವನು ನಾನೊಬ್ಬನೇ, ಕೌಂಟರ್ ಮುಂದೆ. ಪಟ್ಟೆ ಅಂಗಿಯ ರೆಫ್ರಿ ಸೀಟಿ ಊದಿ ಗೂಡಿನ ಕೆಳಕ್ಕೆ ಬಂದು ಕತ್ತೆತ್ತಿದರು.

"ಯಾರು ನಿಲ್ಲಿಸಿದ್ದು?"

"ಟೂ ಮಿನಿಟ್ ವಾರ್ನಿಂಗ್, ಸರ್."

ಅವರು ಮೈದಾನದ ಸುತ್ತ ಒಂದು ಸಲ ನಿಧಾನವಾಗಿ ನೋಡಿ, "ಜಾಹೀರಾತು ಎಲ್ಲಿ?" ಅಂದರು.

ಅಜ್ಜ ಮೈಕ್ ಆಫ್ ಮಾಡಿಕೊಂಡು ನಕ್ಕರು. ಆಮೇಲೆ ಲೋಟ ಇಸಿದುಕೊಂಡು ಪಾಠ ಹೇಳಿದರು. ಹಿಂದೆ ಪಂದ್ಯದ ಅಧಿಕೃತ ಸಮಯ ಮೈದಾನದಲ್ಲಿದ್ದ ಅಧಿಕಾರಿಯ ಕೈಯಲ್ಲಿರುತ್ತಿತ್ತು, ಕ್ರೀಡಾಂಗಣದ ದೊಡ್ಡ ಗಡಿಯಾರ ಬರೀ ಅಂದಾಜಿಗೆ. ಎಷ್ಟು ಹೊತ್ತು ಉಳಿದಿದೆ ಅಂತ ಆಡುವವರಿಗೇ ಸರಿಯಾಗಿ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಕೊನೆಗೆ ಆಟ ನಿಲ್ಲಿಸಿ, ಇನ್ನು ಎರಡೇ ನಿಮಿಷ ಅಂತ ಎರಡೂ ಕೋಚ್‌ಗಳಿಗೆ ಹೇಳುತ್ತಿದ್ದರು. ಈಗ ಬೋರ್ಡ್ ಎಲ್ಲರಿಗೂ ಕಾಣುತ್ತದೆ, ಅಧಿಕೃತವೂ ಹೌದು. ಆದರೆ ಟಿವಿಯವರು ಆ ವಿರಾಮವನ್ನು ಬಿಟ್ಟಾರೆಯೇ? ಕಾಲೇಜಿನವರೂ 2024ರಲ್ಲಿ ಅದನ್ನು ಸೇರಿಸಿಕೊಂಡರು. ಮಕ್ಕಳ ಆಟಕ್ಕೆ ಯಾವ ಟಿವಿಯೂ ಬರುವುದಿಲ್ಲ, ಹಾಗಾಗಿ ವಾರ್ನಿಂಗೂ ಇಲ್ಲ.

ಮೂರನೇ ಕ್ವಾರ್ಟರ್ ಸುಸೂತ್ರ. ಯಾಕೆಂದರೆ ಅಜ್ಜ ಪ್ರತಿ ಸಲ ಮೇಜಿನ ಕೆಳಗೆ ನನ್ನ ಕಾಲು ತುಳಿದು, ನಿಲ್ಲಿಸು, ಓಡಿಸು ಅಂತ ಹೇಳುತ್ತಿದ್ದರು. ನಡುವೆ ತಮ್ಮ ಎದೆಯ ಗಾಯವನ್ನೂ ತೆರೆದರು. 1978ರ ನವೆಂಬರ್ 19. ಇಲ್ಲೇ ಹತ್ತಿರದ ಈಸ್ಟ್ ರುದರ್‌ಫರ್ಡ್‌ನ ಮೆಡೋಲ್ಯಾಂಡ್ಸ್ ಕ್ರೀಡಾಂಗಣ. ಅವರ ಪ್ರೀತಿಯ ಜೈಂಟ್ಸ್ ತಂಡ ಫಿಲಡೆಲ್ಫಿಯಾದ ಈಗಲ್ಸ್ ಎದುರು 17–12ರಿಂದ ಮುಂದಿದೆ. ಅರ್ಧ ನಿಮಿಷದಷ್ಟು ಬಾಕಿ, ಈಗಲ್ಸ್ ಬಳಿ ಟೈಮ್‌ಔಟ್ ಇಲ್ಲ. ಜೈಂಟ್ಸ್ ಕ್ವಾರ್ಟರ್‌ಬ್ಯಾಕ್ ಜೋ ಪಿಸಾರ್ಚಿಕ್ ಚೆಂಡು ಅಪ್ಪಿಕೊಂಡು ನೆಲಕ್ಕೆ ಕೂತಿದ್ದರೆ ಸಾಕಿತ್ತು, ಪಂದ್ಯ ಗೆದ್ದ ಹಾಗೆ. ಜನ ಆಗಲೇ ಕಾರ್ ಪಾರ್ಕಿಂಗ್ ಕಡೆ ಹೊರಟಿದ್ದರು. ಆದರೆ ಬೆಂಚಿನಿಂದ ಬಂದ ಹುಕುಂ: ಲ್ಯಾರಿ ಜಾಂಕಾ ಕೈಗೆ ಚೆಂಡು ದಾಟಿಸು. ದಾಟಿಸಲು ಹೋದ, ಚೆಂಡು ಜಾಂಕಾ ಸೊಂಟಕ್ಕೆ ತಗುಲಿ ಜಾರಿತು. ಈಗಲ್ಸ್‌ನ ಹರ್ಮನ್ ಎಡ್ವರ್ಡ್ಸ್ ಪುಟಿದ ಚೆಂಡನ್ನು ಎತ್ತಿಕೊಂಡು 26 ಗಜ ಓಡಿ, ಎದುರಾಳಿ ಗಡಿ ದಾಟಿ ಟಚ್‌ಡೌನ್ ಬಾರಿಸಿದ. 19–17. ಹುಕುಂ ಕೊಟ್ಟ ಸಹಾಯಕ ಕೋಚ್ ಮರುದಿನವೇ ಮನೆಗೆ. ಆಮೇಲೆ ಗೆಲ್ಲುವ ತಂಡಗಳು ಕೊನೆಗೆ ಇಬ್ಬರನ್ನು ಪಕ್ಕಕ್ಕೆ, ಒಬ್ಬನನ್ನು ಹಿಂದಕ್ಕೆ ಕಾವಲಿಟ್ಟುಕೊಂಡು, ಕ್ವಾರ್ಟರ್‌ಬ್ಯಾಕ್‌ನಿಂದ ಒಂದು ಮಂಡಿ ಊರಿಸಿ ಆಟ ಮುಗಿಸುವುದನ್ನು ಕಲಿತವು. ವಿಕ್ಟರಿ ಫಾರ್ಮೇಶನ್ ಅಂತ ಅದಕ್ಕೊಂದು ಗಂಭೀರ ಹೆಸರು. ಎದುರಾಳಿ ಬಳಿ ಟೈಮ್‌ಔಟ್ ಇಲ್ಲದಿದ್ದರೆ ಮೂರು ಸಲ ಮಂಡಿ ಊರಿದರೆ ಹೆಚ್ಚುಕಡಿಮೆ ಎರಡು ನಿಮಿಷ ನುಂಗಬಹುದು.

"ಮಂಡಿ ಊರಬೇಕಿತ್ತು" ಅಂದರು ಅಜ್ಜ. ಇಷ್ಟು ವರ್ಷವಾದರೂ ಆ ದನಿ ನೋಡಿ, ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಫೈನಲ್ ಸೋತು ಬಂದ ನನ್ನ ಗೆಳೆಯರ ನೆನಪಾಯಿತು.

ನಾಲ್ಕನೇ ಕ್ವಾರ್ಟರ್. ನಮ್ಮ ತಂಡ ನಾಲ್ಕು ಅಂಕ ಹಿಂದೆ. ಟೈಮ್‌ಔಟ್‌ಗಳೆಲ್ಲ ಖಾಲಿ, ಅವುಗಳಲ್ಲಿ ಒಂದನ್ನು ಕೋಚ್ ಬಳಸಿದ್ದು ನನ್ನ ಬಗ್ಗೆ ರೆಫ್ರಿ ಹತ್ತಿರ ಮಾತಾಡಲು. ನಮ್ಮ ಕ್ವಾರ್ಟರ್‌ಬ್ಯಾಕ್ ಚೂಟಿ ಹುಡುಗ, ಎದುರಾಳಿ ಗಡಿಯ ಹತ್ತಿರಕ್ಕೆ ಪಾಸ್ ಹೊಡೆದ. ಹಿಡಿದವನು ಮೈದಾನದೊಳಗೇ ಬಿದ್ದ, ಫಸ್ಟ್ ಡೌನ್. ನಿಲ್ಲಿಸಿದೆ. ಬೋರ್ಡ್‌ನಲ್ಲಿ 0:31. ಅಜ್ಜ ಮೈಕ್‌ನಲ್ಲಿ ಕೂಗುವುದರಲ್ಲಿದ್ದರು, ನನ್ನ ಕಾಲು ಬಿಡುವಾಗಿತ್ತು. ಅದೇ ಹೊತ್ತಿಗೆ ಬಿದ್ದವರ ರಾಶಿಯಡಿ ನನ್ನ ಮಗನ ನಂಬರಿನ ಅಂಗಿ ಕಂಡಿತು. ಎದ್ದನೋ ಇಲ್ಲವೋ, ಕೈ ಆಡಿಸ್ತಾನೋ ಇಲ್ಲವೋ ಅಂತ ಎದ್ದು ನಿಂತು ಬಗ್ಗಿ ನೋಡಿದೆ. ಎದ್ದ. ಸದ್ಯ. ಕುರ್ಚಿಗೆ ಕೂತೆ. ಈ ಮಧ್ಯೆ ರೆಫ್ರಿ ಕೈ ಗಿರ್ರನೆ ಸುತ್ತಿಸಿದ್ದರು. ಆ ಸುತ್ತನ್ನು ಕಂಡವರು ಮೈದಾನದಲ್ಲಿ ನೂರಾರು ಜನ, ನನ್ನೊಬ್ಬನನ್ನು ಬಿಟ್ಟು.

ಹುಡುಗರು ಒಂದು ಓಟದ ಆಟ ಆಡಿ ಒಳಗೇ ಬಿದ್ದರು. ಆಮೇಲೆ ಕ್ವಾರ್ಟರ್‌ಬ್ಯಾಕ್ ಎಲ್ಲರನ್ನೂ ಎಳೆದು ಸಾಲಿಗೆ ನಿಲ್ಲಿಸಿ ಅಚ್ಚುಕಟ್ಟಾಗಿ ಸ್ಪೈಕ್ ಮಾಡಿದ. ಸ್ಪೈಕ್ ಅಂದರೆ ಹಾಗಿರಬೇಕು. ನಿಂತೇ ಇದ್ದ ಗಡಿಯಾರವನ್ನು ಅಷ್ಟು ಚೆಂದವಾಗಿ ನಿಲ್ಲಿಸಿದ ಇನ್ನೊಬ್ಬನನ್ನು ನಾನು ಕಂಡಿಲ್ಲ. ಬೋರ್ಡ್ ಇನ್ನೂ 0:31 ಅನ್ನುತ್ತಿತ್ತು. ಎದುರಾಳಿ ಕೋಚ್ ಟೋಪಿ ತೆಗೆದು ನೆಲಕ್ಕೆ ಹೊಡೆದರು. ಅದೂ ಸ್ಪೈಕೇ.

ರೆಫ್ರಿಗಳು ಸಭೆ ಸೇರಿದರು. ಕೊನೆಗೆ ದೊಡ್ಡ ರೆಫ್ರಿ ನನ್ನತ್ತ ಎರಡು ಕೈಯಲ್ಲೂ ಒಂದೊಂದು ಬೆರಳು ಎತ್ತಿ ತೋರಿಸಿದರು: ಹನ್ನೊಂದು. ಅಂದರೆ 20 ಸೆಕೆಂಡ್ ಕಳೆದು 11ಕ್ಕೆ ತಂದು ನಿಲ್ಲಿಸು. ಇದು ಲೆಕ್ಕ, ಇದರಲ್ಲಿ ನಾನು ಗಟ್ಟಿ. ಒಂದು ಒತ್ತಿದೆ, ಇನ್ನೊಂದು ಒಂದು ಒತ್ತಿದೆ, ಸೆಟ್ ಒತ್ತಿದೆ. ಬೋರ್ಡ್‌ನಲ್ಲಿ ದೊಡ್ಡದಾಗಿ, ಕೆಂಪಗೆ, 11:00 ಮೂಡಿತು. ಡಬ್ಬ ಮೊದಲು ನಿಮಿಷ ಕೇಳುತ್ತದೆ, ಆಮೇಲೆ ಸೆಕೆಂಡ್ ಅಂತ ಯಾರೂ ಹೇಳಿರಲಿಲ್ಲ. ನಮ್ಮ ಕಡೆಯ ಅಪ್ಪ ಅಮ್ಮಂದಿರು ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಹನ್ನೊಂದು ನಿಮಿಷ ಅಂದ್ರೆ ಎನ್‌ಎಫ್‌ಎಲ್‌ನಲ್ಲಿ ಒಂದು ಇಡೀ ಪಂದ್ಯವಪ್ಪಾ" ಅಂದರು ಅಜ್ಜ. ಮೈಕ್ ಆನ್ ಆಗಿತ್ತು.

ಸರಿಮಾಡುವ ಗಡಿಬಿಡಿಯಲ್ಲಿ ನಾನು ಒತ್ತಿದ್ದು ಹಾರ್ನ್. ಅಂಟುಪಟ್ಟಿ ಇದ್ದದ್ದು ಯಾಕೆ ಅಂತ ತಿಳಿಯಿತು: ಅದು ಒತ್ತಿದರೆ ಮೇಲೇಳುವುದಿಲ್ಲ. ಉಗುರಿನಲ್ಲಿ ಮೀಟಿ ಬಿಡಿಸುವವರೆಗೂ ಊದಿತು. ರೆಫ್ರಿ ಕತ್ತಿನ ಮೇಲೆ ಕೈ ಅಡ್ಡಡ್ಡ ಎಳೆದು ತೋರಿಸಿದರು. ಬೋರ್ಡ್ ಆಫ್; ಇನ್ನು ಮುಂದೆ ಸಮಯ ಅವರ ಕೈಗಡಿಯಾರದಲ್ಲಿ. ಅಜ್ಜ ಪ್ಲಗ್ಗನ್ನೇ ಕಿತ್ತರು.

ಸಮಯ ಮೈದಾನಕ್ಕೆ ಹೋದ ಮೇಲೆ ರೆಫ್ರಿ ಮಾಡಬೇಕಾದ್ದನ್ನೇ ಮಾಡಿದರು. ಮೊದಲು ಒಂದು ಬೆಂಚಿಗೆ ನಡೆದು ಕೋಚ್‌ಗೆ "ಹನ್ನೊಂದು ಸೆಕೆಂಡ್" ಅಂತ ಹೇಳಿ, ಆಮೇಲೆ ಇಷ್ಟಗಲ ಮೈದಾನ ದಾಟಿ ಇನ್ನೊಂದು ಬೆಂಚಿಗೂ ಹೋಗಿ ಹೇಳಿ ಬಂದರು. ಅಜ್ಜ ನನ್ನ ಬೆನ್ನು ತಟ್ಟಿ, "ಕೊನೆಗೂ ನಿನ್ನ ವಾರ್ನಿಂಗ್ ಕೊಡಿಸಿಬಿಟ್ಟೆ ನೋಡು, ಹಳೇ ಕಾಲದ್ದು, ಅಸಲಿ" ಅಂದರು.

ಮೂರನೇ ಡೌನ್. ಪಾಸ್ ಹೋಯಿತು, ಹಿಡಿದವನು ಬದಿಗೆರೆ ದಾಟಿ ನಮ್ಮ ಬೆಂಚಿನೊಳಕ್ಕೇ ಉರುಳಿದ. ಹತ್ತು ಗಜ ಆಗಲಿಲ್ಲ, ಆದರೆ ಗಡಿಯಾರ ನಿಂತಿತು. ಐದಾರು ಸೆಕೆಂಡ್ ಇದೆ, ನಾಲ್ಕನೇ ಡೌನ್ ಇದೆ, ಟಚ್‌ಡೌನ್‌ಗೆ ಒಂದು ಒಳ್ಳೆಯ ಅವಕಾಶ. ರೆಫ್ರಿ ಕೈ ಕತ್ತರಿಯಾಡಿಸಿ ತೋರಿಸಿದ್ದರು, ಬದಿಗೆರೆಯ ಕೋಲಿನ ಮೇಲೆ 4 ಅಂತಲೂ ಇತ್ತು. ಆದರೆ ಹನ್ನೆರಡು ವರ್ಷದ ಹುಡುಗ ಕೋಲು ನೋಡುತ್ತಾನೆಯೇ? ಅವನು ನೋಡಿದ್ದು ಬೋರ್ಡ್. ಅಲ್ಲಿ ಕತ್ತಲೆ. ಸಮಯವೂ ಇಲ್ಲ, ಡೌನೂ ಇಲ್ಲ. ಹುಡುಗ ಸಮಯ ಓಡುತ್ತಿದೆ ಅಂದುಕೊಂಡ. ಎಲ್ಲರನ್ನೂ ಸಾಲಿಗೆಳೆದ. ನಮ್ಮ ಕೋಚ್ ಎರಡೂ ಕೈ ಬೀಸುತ್ತಾ ಬದಿಗೆರೆಯುದ್ದಕ್ಕೂ ಓಡಿದರು. 1994ರಲ್ಲಿ ಮಯಾಮಿಯ ಡ್ಯಾನ್ ಮರೀನೋ ಸ್ಪೈಕ್ ಮಾಡುವವನಂತೆ ನಟಿಸಿ, ಜೆಟ್ಸ್ ತಂಡದವರು ಮೈ ಸಡಿಲಿಸಿದಾಗ ಟಚ್‌ಡೌನ್ ಪಾಸ್ ಹೊಡೆದು ಪಂದ್ಯ ಗೆದ್ದದ್ದನ್ನು ನಾನು ಓದಿದ್ದೆ. ದೇವರೇ, ಇದು ಅದೇ ಆಗಿರಲಪ್ಪಾ ಅಂದುಕೊಂಡೆ.

ಅದಾಗಿರಲಿಲ್ಲ. ಚೆಂಡು ನೆಲಕ್ಕೆ ಬಡಿದು ಹುಡುಗನ ತಲೆ ಮಟ್ಟಕ್ಕೆ ಪುಟಿಯಿತು. ರೆಫ್ರಿ ಎದುರು ದಿಕ್ಕಿಗೆ ಕೈ ತೋರಿಸಿದರು. ಆ ಕಡೆಯ ಕ್ವಾರ್ಟರ್‌ಬ್ಯಾಕ್ ಬಂದ, ಇಬ್ಬರನ್ನು ಪಕ್ಕಕ್ಕೆ, ಒಬ್ಬನನ್ನು ಹಿಂದಕ್ಕೆ ನಿಲ್ಲಿಸಿಕೊಂಡು ಶಾಸ್ತ್ರೋಕ್ತವಾಗಿ ಮಂಡಿ ಊರಿದ. ಅಜ್ಜ ತಲೆದೂಗಿ, "ನೋಡು, ಹೀಗೆ" ಅಂದರು.

ಇಳಿದು ಬಂದೆ. ಟೋಪಿ ನೆಲಕ್ಕೆ ಹೊಡೆದಿದ್ದ ಎದುರಾಳಿ ಕೋಚ್ ಎದುರಾದರು. ಏನು ಕಾದಿದೆಯೋ ಅಂತ ನಿಂತೆ. ಅವರು ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದು, ಮುಖ ತುಂಬ ನಗುತ್ತಾ ಬಹಳ ಹೊತ್ತು ಕುಲುಕಿದರು. ಹಿಂದೆಯೇ ಅವರ ಮೂವರು ಆಟಗಾರರೂ ಬಂದು ಕೈ ಕೊಟ್ಟರು. ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ನನ್ನ ಮಗ ಇದನ್ನೆಲ್ಲ ನೋಡುತ್ತ ನಿಂತಿದ್ದ.

ಕಾರಿನಲ್ಲಿ ಸ್ವಲ್ಪ ದೂರ ಹೋದ ಮೇಲೆ, "ಅಪ್ಪಾ, ನೀನು ಯಾರ ಕಡೆ?" ಅಂದ.

"ನಾನು ಯಾರ ಕಡೆಯೂ ಇಲ್ಲ ಕಣೋ. ರೂಲ್ಸ್ ಕಡೆ."

"ಯಾವ ರೂಲ್ಸ್?" ಅಂದ.